ಗಾಲಿಯ ಸದ್ದು ನಿಂತಾಗ

ನಡೆಯುವಾಗ ಸುಮಿತ್ರೆಯಷ್ಟು ಎಡವುವವರನ್ನು ನಾನು ಕಂಡಿಲ್ಲ. ಹೊಸ್ತಿಲು, ಬಸ್ಸಿನ ಮೆಟ್ಟಿಲು, ಏನೂ ಸಿಗದಿದ್ದರೆ ತನ್ನದೇ ಚಪ್ಪಲಿ. ಗಾಲಿಯ ಬೂಟು ಕಟ್ಟಿಕೊಂಡರೆ ಮಾತ್ರ ನೆಟ್ಟಗೆ. ಇವಳು ಫಿಗರ್ ಸ್ಕೇಟಿಂಗಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಎಂದರೆ ಹೊರಗಿನವರು ಹಿಮ ಎಲ್ಲಿತ್ತು ಎಂದು ಕೇಳುತ್ತಾರೆ. ಹಿಮವಿರಲಿಲ್ಲ, ಬ್ರಹ್ಮಾವರದ ನಮ್ಮ ಅಕ್ಕಿ ಮಿಲ್ಲಿನ ಸಿಮೆಂಟಿನ ಅಂಗಳವಿತ್ತು.

ನಾನು ಆ ಮಿಲ್ಲಿನ ಲೆಕ್ಕ ಬರೆಯುವ ರೈಟರ್. ಅವಳ ತಾಯಿ ಗಿರಿಜಕ್ಕ ಬೇಯಿಸಿದ ಭತ್ತವನ್ನು ಅಂಗಳದಲ್ಲಿ ಹರಡಿ, ಕಾಲಿನಿಂದ ಸಾಲು ಎಳೆಯುತ್ತ ಒಣಗಿಸುವವರು. ಭತ್ತ ಬರುವ ಮೊದಲು, ಬೆಳಿಗ್ಗೆ ಒಂದು ಗಂಟೆ ಅಂಗಳ ಸುಮಿತ್ರೆಯದು. ಶಾಲೆಯ ಡ್ರಿಲ್ ಮೇಷ್ಟ್ರು ಕಲಿಸಿದ್ದು ಸ್ವಲ್ಪ. ಉಳಿದದ್ದು ಮೊಬೈಲ್ ನೋಡಿ. ಒಂದು ಕಾಳು ಗಾಲಿಗೆ ಸಿಕ್ಕಿದರೂ ಬಿದ್ದಾಳೆಂದು ಅಂಗಳ ಗುಡಿಸುತ್ತಿದ್ದವನು ನಾನು. ಮಾಲೀಕರು ಅದನ್ನು ಶ್ರದ್ಧೆ ಎಂದುಕೊಂಡಿದ್ದರು. ಅವಳು ಸುತ್ತಲು ಶುರುಮಾಡಿದರೆ ನಾನು ಒಳಗೆ.

"ಎಂತಕ್ ಅಷ್ಟ್ ಹೆದ್ರತ್ರಿ ರೈಟ್ರೇ? ಬಿದ್ರೆ ಏಳೂಕ್ ಆತ್ತ್," ಅನ್ನುವಳು.

ಕೆಲಸ ಬಿಟ್ಟು ಹೋಗಲಾಗದ ಗಿರಿಜಕ್ಕ ಸ್ಪರ್ಧೆಗಳಿಗೆ ನನ್ನನ್ನು ಜೊತೆ ಮಾಡಿ ಕಳಿಸುತ್ತಿದ್ದರು. "ನೀವಾರೆ ಅದನ್ನ ಕಣ್ಣಲ್ ಕಣ್ಣಿಟ್ಟ್ ಕಾಂತ್ರಿ ಅಲ್ದಾ."

ನಾನು ಮಾಡಿದ್ದು, ಅವಳ ಸರದಿ ಬಂದ ಕೂಡಲೇ ಕಣ್ಣು ಮುಚ್ಚಿ ಕೂತದ್ದು. ಗಾಲಿಯ ಸದ್ದು ನಿಂತರೆ ಹಾರಿದ್ದಾಳೆ ಎಂದರ್ಥ. ಮತ್ತೆ ಕೇಳುವವರೆಗೆ ನನಗೆ ಉಸಿರಿಲ್ಲ. ರಾಷ್ಟ್ರಮಟ್ಟದಲ್ಲಿ ಎರಡು ವರ್ಷ ಬಿದ್ದಳು, ಮೂರನೆಯ ವರ್ಷ ಗೆದ್ದಳು. ಮೂರನ್ನೂ ಕೇಳಿದ್ದೇನೆ, ಒಂದನ್ನೂ ನೋಡಿಲ್ಲ.

ಮರುವರ್ಷ ಅಭ್ಯಾಸದಲ್ಲಿ ಮಂಡಿ ತಿರುಚಿಕೊಂಡಿತು. ಆಪರೇಶನ್ ಆದಮೇಲೆ ಡಾಕ್ಟರು ಇನ್ನು ಸ್ಪರ್ಧೆ ಬೇಡ ಎಂದರು. ಮುಂಬಯಿಯಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಸಿಕ್ಕಿತು. ಹೊರಡುವ ದಿನ ಬೆಳಿಗ್ಗೆ ಬೂಟು ಹಿಡಿದು ಮಿಲ್ಲಿಗೆ ಬಂದಳು.

"ನೀವ್ ಕಣ್ಣ್ ಮುಚ್ಕಂಡ್ ಕೂಕಂತಿದ್ದದ್ದ್ ನಂಗ್ ಗೊತ್ತಿತ್ತ್. ಅಮ್ಮಂಗ್ ಹೇಳಲಿಲ್ಲ. ಇವತ್ತೊಂದ್ ಸಲ ಕಾಣಿ. ಒಂದೇ ಸುತ್ತ್."

"ಹಾರೂಕಾಗ."

"ಹಾರೂದಿಲ್ಲೆ ಮಾರಾಯ್ರೆ."

ಅಂಗಳ ಎರಡು ಸಲ ಗುಡಿಸಿದೆ. ಕಣ್ಣು ಬಿಟ್ಟು ನಿಂತೆ. ಚಪ್ಪಲಿಗೆ ಎಡವುವ ಆ ಹುಡುಗಿ ಒಂದೇ ಕಾಲಿನ ಮೇಲೆ ವಾಲಿ, ಅಂಗಳದ ಅಂಚಿನವರೆಗೂ ದೊಡ್ಡ ಸುತ್ತು ತೆಗೆದುಕೊಂಡು ಬರುತ್ತಿದ್ದಳು. ಇಷ್ಟು ಚೆಂದವಿತ್ತೇ ಇದು ಎಂದುಕೊಳ್ಳುವಷ್ಟರಲ್ಲಿ ಸದ್ದು ನಿಂತಿತು. ನೆಲಕ್ಕೂ ಅವಳ ಗಾಲಿಗೂ ನಡುವೆ ಎಳೆಬಿಸಿಲು ಮಾತ್ರ. ಆಮೇಲೆ ಗಾಲಿ ಮತ್ತೆ ನೆಲ ಮುಟ್ಟಿ, ಏನೂ ಆಗದಂತೆ ಸುತ್ತು ಮುಗಿಸಿತು.

"ಹಾರೂದಿಲ್ಲೆ ಅಂದಿದ್ದೆ ಅಲ್ದಾ ನೀನ್," ಎಂದೆ.

"ಹೇಳಿರೆ ನೀವ್ ಕಣ್ಣ್ ಮುಚ್ತಿದ್ರಿ."

ಸಂಜೆ ಬಸ್ಸು ಹತ್ತುವಾಗ ಮೆಟ್ಟಿಲಿಗೆ ಎಡವಿದಳು.

ಈಗಲೂ ಅಂಗಳದಲ್ಲಿ ಭತ್ತ ಎಳೆಯುವ ಕಾಲಿನ ಸದ್ದು ಒಮ್ಮೆಲೇ ನಿಂತರೆ ನಾನು ಕಿಟಕಿಗೆ ಬಂದುಬಿಡುತ್ತೇನೆ, ಕಣ್ಣು ಬಿಟ್ಟುಕೊಂಡೇ. ಗಿರಿಜಕ್ಕ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿರುತ್ತಾರೆ.