ಬಿಸಿಲಿಗೆ ಹಾಕಿದ ರೆಕಾರ್ಡುಗಳು

ಟೆಲಿಫೋನ್ ಎಕ್ಸ್‌ಚೇಂಜಿನ ಬೆಳಗಿನ ಪಾಳಿ ಮುಗಿಸಿ ಬಂದವಳು ಅಂಗಳದಲ್ಲೇ ನಿಂತುಬಿಟ್ಟೆ. ಹೆಣೆದ ತೆಂಗಿನ ಮಡಲಿನ ಮೇಲೆ ಒಂದು ಸಾಲು ಒಣಮೀನು, ಪಕ್ಕದ ಸಾಲಿನಲ್ಲಿ ನನ್ನಣ್ಣನ ಹನ್ನೊಂದು ರಾಕ್ ಸಂಗೀತದ ರೆಕಾರ್ಡುಗಳು. ಅಕ್ಟೋಬರಿನ ಬಿಸಿಲಿಗೆ ಅಂಚೆಲ್ಲ ಎದ್ದು ಕರಿದ ಹಪ್ಪಳದಂತಾಗಿದ್ದವು. ಕಾಗೆ ಓಡಿಸುತ್ತ ಕೂತಿದ್ದ ಮನೆಯೊಡತಿ ನಾಗಕ್ಕ ಹೆಮ್ಮೆಯಿಂದ ಹೇಳಿದರು: "ನೋಡ್ ತಂಗಿ, ನಿನ್ನ ಪ್ಲೇಟಿಗೆಲ್ಲ ಬೂಷ್ಟು ಹಿಡ್ದಿತ್ತು. ಒರ್ಸಿ ಬಿಸ್ಲಿಗೆ ಹಾಕಿದೆ. ಒಂದನ್ನೂ ಕಾಕೆ ಮುಟ್ಲಿಲ್ಲ."

ಅಣ್ಣ ಒಂದು ವರ್ಷದ ತರಬೇತಿಗೆ ಭೋಪಾಲಿಗೆ ಹೋಗುವಾಗ ಪ್ಲೇಯರನ್ನೂ ರೆಕಾರ್ಡುಗಳನ್ನೂ ನನಗೆ ಒಪ್ಪಿಸಿ, "ಧೂಳು ಕೂರಬಾರದು ನೋಡು, ದೀಪಾವಳಿಗೆ ಬಂದು ತಗೊಂಡು ಹೋಗ್ತೀನಿ" ಅಂದಿದ್ದ. ಧೂಳಂತೆ! ಮಲ್ಲೇಶ್ವರದವರಾದ ನಮಗೆ ಗೊತ್ತಿರುವ ಶತ್ರು ಅದೊಂದೇ. ನಾನು ಕೆಲಸಕ್ಕೆ ಬಂದ ಹೊನ್ನಾವರದಲ್ಲಿ ಜೂನಿನಿಂದ ನಾಲ್ಕು ತಿಂಗಳು ಚಪ್ಪಲಿ, ರೇಷ್ಮೆ ಸೀರೆ, ದೇವರ ಪಟದ ಹಿಂಬದಿ, ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಮಳೆ ನಿಂತ ಕೂಡಲೇ ಮನೆಯಲ್ಲಿರುವುದನ್ನೆಲ್ಲ ಹೊರಗೆ ತಂದು ಬಿಸಿಲು ಕಾಣಿಸುವುದು ಇಲ್ಲಿಯ ಪದ್ಧತಿ. ಹಿಂದಿನ ದಿನ ನನ್ನ ಹಾಸಿಗೆಯನ್ನು ಒಣಗಿಸಿಕೊಟ್ಟಿದ್ದಕ್ಕೆ ನಾನೇ ಹಾಡಿ ಹೊಗಳಿದ್ದೆ.

ಅವತ್ತು ಮಾತ್ರ ಕೂಗಾಡಿದೆ. ಒಂಟಿ ಹುಡುಗಿಗೆ ಊರಿನಲ್ಲಿ ಯಾರೂ ಕೋಣೆ ಕೊಡದಿದ್ದಾಗ "ಬಾ, ನಮ್ಮನೇಲಿ ಇರು" ಅಂದ ಹೆಂಗಸಿಗೆ "ನಿಮಗೆ ಯಾರು ಮುಟ್ಟೋಕೆ ಹೇಳಿದ್ದು?" ಅಂದುಬಿಟ್ಟೆ. ಎರಡು ದಿನ ಮಾತಿಲ್ಲ, ಕತೆಯಿಲ್ಲ. ಬಾಗಿಲ ಬಳಿ ಗಂಜಿಯೂ ಬಂಗಡೆ ಸಾರೂ ಬಂದು ಕೂರುತ್ತಿದ್ದವು, ನಾಗಕ್ಕ ಕಾಣುತ್ತಿರಲಿಲ್ಲ. ಬಂದ ಹೊಸತರಲ್ಲಿ ಮೀನಿನ ವಾಸನೆಗೇ ಮೂಗು ಮುಚ್ಚಿದವಳು ನಾನು. ಈಗ ಸಿಟ್ಟಿನಲ್ಲೂ ಬಂಗಡೆಯ ಮುಳ್ಳಷ್ಟೇ ಉಳಿಸಿದೆ. ನಾಚಿಕೆಯಾಗಿ, ತಟ್ಟೆ ತೊಳೆದು ಬಾಗಿಲ ಬಳಿಯೇ ಇಟ್ಟೆ.

ಮೂರನೆಯ ದಿನ ಅವರೇ ಎರಡು ಹಲಗೆ ಹೊತ್ತುಕೊಂಡು ಬಂದರು. "ಉಪ್ಪುಮೀನು ಮಾಡೂದು ನೋಡಿದ್ಯಲ್ಲ? ಮೇಲಿಂದ ಕಲ್ಲು ಹೇರೂದು. ಬಿಸ್ಲು ಎಬ್ಸಿದ್ದನ್ನ ಬಿಸ್ಲೇ ಕೂರ್ಸಬೇಕು. ಎಂತ, ಆತಾ?"

"ಆತು" ಅಂದೆ. ಈ ಊರಿನಲ್ಲಿ ನಾನು ಮೊದಲು ಕಲಿತ ಪದ. ಒಪ್ಪಿಗೆಗೂ ಅದೇ, ರಾಜಿಗೂ ಅದೇ.

ಹಲಗೆಗಳ ನಡುವೆ ಇಟ್ಟು, ಹದವಾಗಿ ಬಿಸಿಲು ತಾಗಿಸಿ, ಮೀನಿನ ಭರಣಿಯ ಕಲ್ಲುಗಳನ್ನು ತೊಳೆದು ಹೇರಿದೆವು. ಹತ್ತು ದಿನದಲ್ಲಿ ಎಂಟು ನೆಟ್ಟಗಾದವು. ಮೂರು ಜಪ್ಪಯ್ಯ ಅಂದರೂ ಡೊಂಕು ಬಿಡಲಿಲ್ಲ.

ಯಾವುದು ಎಷ್ಟು ಕೆಟ್ಟಿದೆ ನೋಡಬೇಕಲ್ಲ, ಕುಮಟೆಯಿಂದ ಪ್ಲೇಯರಿಗೆ ಹೊಸ ಸೂಜಿ ತಂದು ಒಂದೊಂದನ್ನೂ ಮೊದಲಿನಿಂದ ಕೊನೆಯವರೆಗೆ ಕೇಳತೊಡಗಿದೆ. ಮಲ್ಲೇಶ್ವರದಲ್ಲಿ ಇವೇ ಹಾಡುಗಳು ಗೋಡೆಯಾಚೆಯಿಂದ ಬರುವ ಗದ್ದಲವಾಗಿದ್ದವು. ಇಲ್ಲಿ, ಡೊಂಕು ರೆಕಾರ್ಡಿನಲ್ಲಿ, ಹಾಡುವವನ ದನಿ ಏರಿ ಇಳಿಯುತ್ತಿತ್ತು, ಗಿಟಾರು ತೇಲುತ್ತಿತ್ತು. ಡ್ರಮ್ ಮಾತ್ರ ಅಲುಗದೆ ನಡೆಯುತ್ತಿತ್ತು. ಅಯ್ಯೋ, ಇಷ್ಟು ವರ್ಷ ಡ್ರಮ್ ಬಾರಿಸುವ ಇವನೊಬ್ಬ ಇದ್ದನೆಂದೇ ನನಗೆ ಗೊತ್ತಿರಲಿಲ್ಲ! ಕವರಿನ ಹಿಂದೆ ಕೊನೆಯ ಸಾಲಿನ ಸಣ್ಣಕ್ಷರದಲ್ಲಿ ಅವನ ಹೆಸರು ಹುಡುಕಿದೆ. ಅದೇ ಹೆಸರು ಬೇರೊಂದು ತಂಡದ ರೆಕಾರ್ಡಿನಲ್ಲೂ ಸಿಕ್ಕಾಗ, ಪರವೂರಿನಲ್ಲಿ ಪರಿಚಯದವರು ಎದುರಾದಷ್ಟು ಖುಷಿಯಾಯಿತು.

ನಾಗಕ್ಕನಿಗೆ ಹೇಳಿದೆ. ಅವರೇನೂ ಅಚ್ಚರಿಪಡಲಿಲ್ಲ. "ಮುಂದೆ ಕುಂತವ ಕೂಗೂದು, ಹಿಂದೆ ಕುಂತವ ದೋಣಿ ನಡ್ಸೂದು. ನಮ್ಮಲ್ಲೂ ಹಂಗೇ."

ದೀಪಾವಳಿಗೆ ಅಣ್ಣ ಬಂದ. ಚೀಲ ಇಳಿಸುವ ಮೊದಲೇ ರೆಕಾರ್ಡು ತೆಗೆದ. ಮೊದಲು ಕೈಗೆ ಬಂದದ್ದೇ ಡೊಂಕಿನದು. ಅವನ ಮುಖ ನೋಡಲಾರದೆ ಹೇಳಿದೆ: "ನಾನೇ ಕಣೋ. ತಿಳೀದೆ ಬಿಸಿಲಿಗೆ ಹಾಕ್ಬಿಟ್ಟೆ."

"ಸುಳ್ಳು ಎಂತಕ್ಕೆ ಹೇಳ್ತೆ ತಂಗಿ?" ಬಾಗಿಲಲ್ಲಿ ನಾಗಕ್ಕ. "ಹಾಕಿದ್ದು ನಾನು, ಮಾರಾಯಾ. ಬೈಯೂದಿದ್ರೆ ನಂಗೇ ಬೈ."

ಅಣ್ಣ ಬೈಯಲಿಲ್ಲ. ಹನ್ನೊಂದನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ತಿರುಗಿಸಿದ. ಕೊನೆಗೆ, "ಎಂಟು ಉಳಿಸಿದ್ದೀರಲ್ಲಕ್ಕ, ನಮ್ಮೂರಲ್ಲಾಗಿದ್ದರೆ ಹನ್ನೊಂದನ್ನೂ ಗುಜರಿಗೆ ಹಾಕ್ತಿದ್ದರು" ಎಂದು ಊಟಕ್ಕೆ ಕೂತ. ಹೋಗುವಾಗ ಎಂಟನ್ನು ಒಯ್ದ. ತಾನು ಹೊಸ ಪ್ಲೇಯರ್ ಕೊಳ್ಳುತ್ತೇನೆಂದು ಮೂರನ್ನೂ ಹಳೆಯ ಪ್ಲೇಯರನ್ನೂ ನನಗೆ ಬಿಟ್ಟ. ಆ ಮೂರರ ಬದಲು ಅವನಿಗೆ ಭಟ್ಕಳದ ಅಂಗಡಿಯಿಂದ, ಗಲ್ಫಿನಿಂದ ಬಂದ, ಅವೇ ಹಾಡುಗಳ ಕ್ಯಾಸೆಟ್ಟುಗಳನ್ನು ಹುಡುಕಿ ಕಳಿಸಿದೆ.

ಹೋದ ತಿಂಗಳು ನಾನು ರಜೆಗೆ ಮಲ್ಲೇಶ್ವರಕ್ಕೆ ಹೋಗಿದ್ದಾಗ ಅಣ್ಣ ಅವುಗಳಲ್ಲೊಂದು ಕ್ಯಾಸೆಟ್ಟು ಹಾಕಿದ. ಕಣ್ಣು ಮುಚ್ಚಿ ಕೂತೆ. ಡ್ರಮ್ ಬಂತು, ಗಿಟಾರು ಬಂತು. ನನ್ನ ಡೊಂಕು ರೆಕಾರ್ಡಿನಲ್ಲಿ ದನಿ ಏರಿ ತೇಲುವ ಜಾಗವೂ ಬಂತು. ದನಿ ತೇಲಲಿಲ್ಲ, ಸೀದಾ ಹೋಯಿತು. ನನಗೆ ತಡೆಯಲಾಗಲಿಲ್ಲ.

"ಎಂತ ಆತು ಇದಕ್ಕೆ?" ಅಂದೆ.

ಅಣ್ಣ ನನ್ನನ್ನೇ ನೋಡಿದ. "ಅದಕ್ಕೇನೂ ಆಗಿಲ್ಲ ಕಣೇ" ಅಂದ. "ಆಗಿರೋದು ನಿನಗೆ."