ಮಿಲ್ಟ್ರಿ ಇಂಜಿನ್ನಿಗೆ ಇಟ್ಟ ಕಲಶ

ಕರೆಂಟು ಬರುವುದನ್ನು ನೆಂಟರ ದಾರಿ ಕಾದ ಹಾಗೆ ಕಾಯುತ್ತಿದ್ದ ವರ್ಷಗಳವು. ಬೇಸಿಗೆ ಬಂತೆಂದರೆ, ಬೆಳಿಗ್ಗೆ ಹೋದದ್ದು ಯಾವಾಗ ಬರುತ್ತದೆಂದು ಲೈನ್‌ಮ್ಯಾನಿಗೂ ತಿಳಿಯದು. ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರಿನಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲಿತ್ತು. ಅದರ ಜಗಲಿಯ ಮೇಲೆ ರಾಗಿ ತುಂಬಿದ ಪುಟ್ಟಿ, ಚೀಲ, ಡಬ್ಬಗಳು ಸಾಲಾಗಿ ಕೂತಿರುತ್ತಿದ್ದವು. ಅವುಗಳ ಒಡತಿಯರು ಎಲೆಅಡಿಕೆ ಹಾಕಿ, ಕರೆಂಟಿನವರನ್ನು ಬೈದು, ಸಾಕಾದ ಮೇಲೆ ಚೀಲಗಳನ್ನು ಅಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದರು. ಹಿಟ್ಟಿಲ್ಲದಿದ್ದರೆ ಮುದ್ದೆಯಿಲ್ಲ. ಮುದ್ದೆಯಿಲ್ಲದ ಮನೆಗಳ ಸಿಟ್ಟೆಲ್ಲ ಸುತ್ತಿ ಬಂದು ನಮ್ಮ ಅಪ್ಪನ ತಲೆಯ ಮೇಲೆ ಬೀಳುತ್ತಿತ್ತು.

ಮಿಲಿಟರಿಯವರು ಹಳೆಯ ಸಾಮಾನು ಹರಾಜು ಹಾಕುತ್ತಾರೆಂದು ಯಾರೋ ಅಪ್ಪನ ಕಿವಿಗೆ ಹಾಕಿದರು. ಬೆಂಗಳೂರಿಗೆ ಹೋದವನು ಕೆಲವು ದಿನ ಬಿಟ್ಟು ಲಾರಿಯ ಮೇಲೆ ಒಂದು ಡೀಸೆಲ್ ಜನರೇಟರ್ ಹೇರಿಕೊಂಡು ಬಂದ. ಊರಿಗೆ ಊರೇ ನೋಡಲು ಬಂತು. ನಮ್ಮಜ್ಜಿ ಮಾತ್ರ ಹೊಸಿಲು ದಾಟಲಿಲ್ಲ.

ಅದಕ್ಕೆ ಕಾರಣವಿತ್ತು. ನಾನು ಹುಟ್ಟುವ ಮೊದಲು ಮಿಲ್ಲು ಓಡುತ್ತಿದ್ದುದು ಆಯಿಲ್ ಇಂಜಿನ್ನಿನಲ್ಲಿ. ಅದರ ಬೆಲ್ಟು ಒಂದು ದಿನ ನಮ್ಮ ದೊಡ್ಡಪ್ಪನ ಅಂಗಿಯ ತೋಳನ್ನು ಎಳೆದುಕೊಂಡಿತು, ತೋಳಿನ ಜೊತೆಗೆ ಕೈಯನ್ನೂ. ನಾನು ಕಂಡ ದೊಡ್ಡಪ್ಪನಿಗೆ ಬಲಗೈ ಮೊಣಕೈವರೆಗೆ ಮಾತ್ರ ಇತ್ತು. ಖಾಲಿ ತೋಳನ್ನು ಮಡಿಸಿ ಪಿನ್ನು ಹಾಕುವ ಕೆಲಸವನ್ನು ಪ್ರತಿದಿನ ಬೆಳಿಗ್ಗೆ ಅಜ್ಜಿಯೇ ಮಾಡುತ್ತಿದ್ದಳು, ದೊಡ್ಡಮ್ಮನಿಗೂ ಬಿಡುತ್ತಿರಲಿಲ್ಲ. ಆ ಇಂಜಿನ್ನನ್ನು ಮಾರಿಸಿ ಕರೆಂಟಿನ ಮೋಟರು ಹಾಕಿಸಿದವಳೂ ಅವಳೇ.

"ಇದು ಬೆಲ್ಟಿನ ಇಂಜಿನ್ನಲ್ಲ ಕಣವ್ವ, ಕರೆಂಟ್ ಮಾಡೋದು. ಬಟನ್ ಒತ್ತುದ್ರೆ ಆಯ್ತು" ಎಂದ ಅಪ್ಪ.

"ಕುಡಿಯೋದು ಡೀಜಲ್ಲೇ ತಾನೆ? ಅಂಗಾದ್ರೆ ಅದ್ರ ತಮ್ಮನೇ ಇದು" ಎಂದಳು ಅಜ್ಜಿ.

ಅಜ್ಜಿಯ ಲೆಕ್ಕಾಚಾರ ಬೇರೆಯೇ ಇತ್ತು. ಹಳೆಯ ಇಂಜಿನ್ನನ್ನು ಮೊದಲ ಸಲ ಚಾಲೂ ಮಾಡುವಾಗ ಗಡಿಬಿಡಿಯಲ್ಲಿ ಯಾರೂ ಪೂಜೆ ಮಾಡಿರಲಿಲ್ಲವಂತೆ. "ಒಂದ್ ಕಾಯಿ ಒಡೀನಿಲ್ಲ. ಅದ್ರ ಪೂಜೇನ ಅದೇ ತಗಂತು" ಎಂದು ಅವಳು ಹೇಳಿದಾಗ, ಜಗಲಿಯ ಮೇಲಿದ್ದ ದೊಡ್ಡಪ್ಪ ಎದ್ದು ಒಳಗೆ ಹೋಗಿಬಿಟ್ಟ.

ಜನರೇಟರನ್ನು ಮಿಲ್ಲಿನ ಹಿಂದಿನ ಶೀಟಿನ ಶೆಡ್ಡಿನಲ್ಲಿ ಇಳಿಸಿದರು. ನಾನು ಅಷ್ಟು ದೊಡ್ಡ ಕಬ್ಬಿಣವನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಮಂಕು ಹಸಿರು ಬಣ್ಣ, ಮೈಮೇಲೆ ಬಿಳಿಯ ಅಕ್ಷರ, ತುಕ್ಕು ಹಿಡಿದ ಹೊಗೆಕೊಳವೆ. ಯುದ್ಧದಲ್ಲಿ ಸತ್ತವರನ್ನು ಇದರ ಪಕ್ಕದಲ್ಲೇ ಮಲಗಿಸುತ್ತಿದ್ದರೆಂದು ನಮ್ಮ ಕ್ಲಾಸಿನ ಹುಡುಗರು ಸುದ್ದಿ ಹಬ್ಬಿಸಿದರು. ನಾನು ಶೆಡ್ಡಿನ ಹಿಂದೆ ಕುಂಟೆಬಿಲ್ಲೆ ಆಡುವುದನ್ನು ಬಿಟ್ಟೆ. ಬಿಸಿಲಿಗೆ ಶೀಟು ಕಾದು ಟಣ್ಣೆಂದರೂ ಅದೇ ಎದ್ದಿತೇನೋ ಎಂದು ನಾನು ಮನೆಯೊಳಗೆ ಓಡುತ್ತಿದ್ದೆ.

ಅದನ್ನು ಸಿದ್ಧ ಮಾಡಲು ಹೆಮ್ಮರಗಾಲದಿಂದ ಸಿದ್ದರಾಜಣ್ಣ ಬಂದ. ಮಿಲಿಟರಿಯಲ್ಲಿ ಲಾರಿ ರಿಪೇರಿ ಮಾಡಿ ರಿಟೈರಾಗಿದ್ದವನು. ಎರಡು ಕೈಯಲ್ಲಿ ತಿರುವಬೇಕಾದ ಮೀಸೆ, ಪ್ರತಿ ಮಾತಿಗೂ "ನಮ್ ಯೂನಿಟ್ನಲ್ಲಿ" ಎಂಬ ಮುನ್ನುಡಿ. ಅವನ ಕತೆಗಳೆಲ್ಲ ಹಿಮದಲ್ಲೇ ನಡೆಯುತ್ತಿದ್ದವು; ನಂಜನಗೂಡಿನ ಬಿಸಿಲಿನಲ್ಲಿ ಕೂತು ಕೇಳುವವರಿಗೆ ಅಷ್ಟೇ ಸಾಕಿತ್ತು.

ಮೊದಲ ದಿನ ಅವನು ಗಾಳಿ ಸೋಸುವ ಡಬ್ಬಿ ಬಿಚ್ಚಿದ. ಒಳಗೆ ಇಲಿಯ ಗೂಡು, ಕಣ್ಣು ಬಿಡದ ಗುಲಾಬಿ ಮರಿಗಳು. ಡಬ್ಬಿಯೊಳಗಿನ ಜಾಲರಿ ಪುಡಿಪುಡಿಯಾಗಿತ್ತು. ಹೊಸದನ್ನು ಮೈಸೂರಿನಿಂದ ತರುವವರೆಗೆ ಹಾಗೇ ಇರಲೆಂದು ಬಿಟ್ಟ. ಡಬ್ಬಿ ತೆಗೆದ ಜಾಗದಲ್ಲಿ ಚೊಂಬಿನ ಬಾಯಷ್ಟು ಅಗಲದ ಒಂದು ಕಪ್ಪು ತೂತು ಉಳಿಯಿತು. ಅದರ ಎದುರಿಗೆ ನಿಂತು ಅವನು ಅಪ್ಪನಿಗೆ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

"ವರ್ಸಗಟ್ಲೆ ಮಲ್ಗಿರೋ ಡೀಜಲ್ ಇಂಜಿನ್ನು ನಂಬ್ಬಾರ್ದು ಅಣ್ಣ. ಈ ಪಂಪಿನೊಳ್ಗೆ ಒಂದ್ ಕಡ್ಡಿ ಅದೆ, ಎಣ್ಣೆ ಎಷ್ಟ್ ಬುಡ್ಬೇಕು ಅನ್ನೋದು ಅದ್ರ ಕೈಲಿ. ಅದು ಸಿಕ್ಕಾಕಂತಾ, ಮುಗೀತು. ಕುಡ್ಕಂಡ್ ಕುಡ್ಕಂಡ್ ಜೋರಾಯ್ತದೆ, ನಿಲ್ಲು ಅಂದ್ರೆ ನಿಲ್ಲಾಕಿಲ್ಲ. ಕೊನೀಗೆ ಒಳ್ಗಿನ ಕಬ್ಣನೇ ಕಿತ್ಕಂಡು ಆಚೀಗ್ ಬತ್ತದೆ."

"ಆವಾಗ ಏನ್ ಮಾಡದು?"

"ಉಸ್ರು ಕಟ್ಟದು. ಈ ಬಾಯಿಗೆ ಗಟ್ಟಿ ಅಲ್ಗೆ ಒತ್ತುದ್ರೆ ಸಾಯ್ತದೆ. ಬಟ್ಟೆ ಗಿಟ್ಟೆ ಆಗಾಕಿಲ್ಲ, ನುಂಗ್ಬುಡ್ತದೆ."

ಹಲಗೆಯ ಬದಲಿಗೆ ಅವ್ವ ಅಡಿಗೆಮನೆಯಿಂದ ಒಂದು ಮಣೆ ಕೊಟ್ಟಳು. ಹಲಸಿನ ಮರದ್ದು, ಅಪ್ಪ ದಿನಾ ಊಟಕ್ಕೆ ಕೂರುತ್ತಿದ್ದ ಮಣೆ. ಸಿದ್ದರಾಜಣ್ಣ ಅದನ್ನು ತೂತಿಗೆ ಇಟ್ಟು ನೋಡಿ, ತೃಪ್ತಿಯಾಗಿ, ಕೈಗೆ ಸಿಗುವ ಹಾಗೆ ಗೋಡೆಗೆ ಒರಗಿಸಿದ. ಅಜ್ಜಿ ಆ ಕಡೆಗೆ ಕಾಲೇ ಇಡದಿದ್ದುದರಿಂದ ಈ ಮಾತು ಯಾವುದೂ ಅವಳಿಗೆ ತಿಳಿಯಲಿಲ್ಲ.

ಆಮೇಲೆ ದಿನಗಟ್ಟಲೆ ಕೆಲಸ. ಹಳೆಯ ಆಯಿಲ್ಲನ್ನು ಇಳಿಸಿದರು. ಅದು ಸುಟ್ಟ ಬೆಲ್ಲದ ಪಾಕದಂತೆ ನಿಧಾನವಾಗಿ ಬಿತ್ತು. ಟ್ಯಾಂಕನ್ನು ಸೀಮೆಎಣ್ಣೆ ಹಾಕಿ ಕುಲುಕಿ ತೊಳೆದರು. ಇಂಜಿನ್ನು ಮಾತ್ರ ಬಿಗಿದುಕೊಂಡಿತ್ತು, ಕಬ್ಬಿಣದ ಸಲಾಕೆ ಕೊಟ್ಟು ಇಬ್ಬರು ಎಳೆದರೂ ಒಂದು ಕೂದಲೆಳೆ ತಿರುಗಲಿಲ್ಲ. ಮೇಲಿನ ತೂತುಗಳಿಂದ ಸೀಮೆಎಣ್ಣೆ, ಆಯಿಲ್ಲು ಬೆರೆಸಿ ಹೊಯ್ದು ನೆನೆಯಲು ಬಿಟ್ಟರು. ಅಪ್ಪನ ಮೈಯೆಲ್ಲ ಸೀಮೆಎಣ್ಣೆಯ ವಾಸನೆ. ಅವನು ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ಕೊಡುತ್ತಿದ್ದ ತುತ್ತಿನಲ್ಲೂ ಅದೇ ವಾಸನೆ. ನನಗೆ ಅದು ಭಯದ ವಾಸನೆಯೇ ಆಗಿಹೋಗಿತ್ತು. ಪ್ರತಿ ಸಾಯಂಕಾಲ ಅಪ್ಪ ಸಲಾಕೆ ಹಿಡಿದು ಹೋಗುವಾಗ ನಾನು ಮನಸ್ಸಿನಲ್ಲೇ, ಅದು ಯಾವತ್ತಿಗೂ ತಿರುಗದಿರಲಪ್ಪ ಎಂದು ನಂಜುಂಡನಿಗೆ ಕೈ ಮುಗಿಯುತ್ತಿದ್ದೆ.

ಒಂದು ಸಂಜೆ ನಾವು ತಟ್ಟೆ ಮುಂದೆ ಕೂತಿದ್ದಾಗ ಶೆಡ್ಡಿನಿಂದ ಕಟಕ್ ಎಂದು ಸದ್ದಾಯಿತು. ಆಮೇಲೆ ಅಪ್ಪನ ನಗು. "ತಿರುಗ್ತು ಕಣವ್ವ" ಎನ್ನುತ್ತ ಅವನು ಒಳಗೆ ಬಂದ. ಅಜ್ಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು.

"ನೀನ್ ನಿಲ್ಲಾಕಿಲ್ಲ ಅಂತ ಗೊತ್ತಾಯ್ತು. ಸೋಮಾರ ಮಾಡು. ರಾವುಕಾಲ ಬರಕ್ ಮುಂಚೆ ಆಗ್ಬೇಕು. ಪೂಜೆ ನಂದು, ಯಾರೂ ಅಡ್ಡ ಬರ್ಬ್ಯಾಡಿ" ಎಂದಳು.

ಭಾನುವಾರ ಅವಳು ನನ್ನನ್ನು ಕರೆದುಕೊಂಡು ನಂಜನಗೂಡಿಗೆ ಹೋದಳು. ದೇವಸ್ಥಾನದ ಮುಂದೆ ಕಪಿಲೆಗೆ ಇಳಿದು ತಾಮ್ರದ ಚೊಂಬಿನಲ್ಲಿ ನೀರು ತುಂಬಿದಳು. ಬಸ್ಸಿನಲ್ಲಿ ಅದನ್ನು ಕೆಳಗಿಡದೆ ಮಡಿಲಲ್ಲೇ ಹಿಡಿದಿದ್ದಳು. ಬಸ್ಸು ಹಳ್ಳಕ್ಕೆ ಬಿದ್ದು ಎದ್ದಾಗಲೆಲ್ಲ ಚೊಂಬಿನ ಬಾಯಿಗೆ ಅಂಗೈ ಮುಚ್ಚುತ್ತಿದ್ದಳು.

"ಏನ್ ಕೇಳ್ಕಂಡೆ ಅಜ್ಜಿ ದೇವ್ರನ್ನ?"

"ನಿಮ್ಮಪ್ಪನ್ ಕೈ ಎರಡೂ ಇರ್ಲಿ ಅಂತ ಕಣ್ ಕೂಸೇ. ಇನ್ನೇನ್ ಕೇಳ್ಲಿ."

ಅಂದಿನಿಂದ ನನಗೆ ಅಪ್ಪನ ಕೈಗಳನ್ನು ಬಿಟ್ಟು ಬೇರೇನೂ ಕಾಣದ ಹಾಗಾಯಿತು.

ಸೋಮವಾರ ಬೆಳಿಗ್ಗೆ ನಾವೆಲ್ಲ ಏಳುವಷ್ಟರಲ್ಲಿ ಅಜ್ಜಿ ಮೊದಲ ಸಲ ಶೆಡ್ಡಿನೊಳಗೆ ಹೋಗಿ ಪೂಜೆಗೆ ಅಣಿ ಮಾಡಿದ್ದಳು. ಹಸಿರು ಕಬ್ಬಿಣದ ಮೇಲೆ ಮೂರು ಪಟ್ಟೆ ವಿಭೂತಿ, ಚೆಂಡುಹೂವಿನ ಹಾರ. ಎದುರಿಗೆ ಕಲಶ: ಬಾಳೆಲೆಯ ಮೇಲೆ ಅಕ್ಕಿ, ಅಕ್ಕಿಯ ಮೇಲೆ ಕಪಿಲೆಯ ನೀರಿನ ಚೊಂಬು, ವೀಳ್ಯದೆಲೆ, ತೆಂಗಿನಕಾಯಿ. ಕಲಶವನ್ನು ಬರಿ ನೆಲದ ಮೇಲೆ ಇಡುವುದುಂಟೆ? ಗೋಡೆಗೆ ಒರಗಿಸಿದ್ದ ಹಲಸಿನ ಮಣೆ ಅವಳ ಕಣ್ಣಿಗೆ ಬಿದ್ದಿತ್ತು. ತೊಳೆದು, ರಂಗೋಲಿ ಎಳೆದು, ಅದರ ಮೇಲೇ ಕಲಶ ಕೂರಿಸಿದ್ದಳು.

ಸಿದ್ದರಾಜಣ್ಣ ಅದನ್ನು ನೋಡಿ ತಲೆ ಕೆರೆದುಕೊಂಡ. "ಅಜ್ಜೀ, ಆ ಮಣೆ ನಮಗ್ ಬೇಕಾಗಿತ್ತು."

"ಗಂಗೆ ಕೂತವ್ಳೆ. ಪೂಜೆ ಮುಗುದು ನಾನ್ ಕದಲ್ಸೋಗಂಟ ಯಾರೂ ಮುಟ್ಟಂಗಿಲ್ಲ."

"ಇನ್ನೊಂದ್ ಮಣೆ ತರ್ಸಿ ಅಂಗಾದ್ರೆ" ಎಂದ ಅವನು ಅಪ್ಪನ ಕಡೆ ತಿರುಗಿ.

ಅಪ್ಪ ಗಡಿಯಾರ ನೋಡಿದ. ಸೋಮವಾರದ ರಾಹುಕಾಲ ಏಳೂವರೆಗೇ ಬರುತ್ತದೆ. "ಅಷ್ಟೊತ್ತಿಗೆ ರಾವುಕಾಲ ಆಗೋಯ್ತದೆ. ಕಡ್ಡಿ ಲೂಜಾಗೇ ಅದಲ್ಲ ಸಿದ್ದಣ್ಣ, ನಡಿ" ಎಂದ. ಕಡ್ಡಿಯನ್ನು ಸಿದ್ದರಾಜಣ್ಣ ಅಲುಗಾಡಿಸಿ ನೋಡಿದ. ಸಲೀಸಾಗಿ ಆಡಿತು. ಅಜ್ಜಿಗೆ ಎದುರಾಡುವಷ್ಟು ಧೈರ್ಯ ಹಿಮದ ಗಡಿ ಕಾದವನಿಗೂ ಇರಲಿಲ್ಲ.

ಲಾರಿಯಿಂದ ಬಿಚ್ಚಿ ತಂದ ಎರಡು ಬ್ಯಾಟರಿಗಳಿಗೆ ವೈರು ಕಟ್ಟಿದರು. ಪೈಪಿನಲ್ಲಿದ್ದ ಗಾಳಿ ಹೋಗಲೆಂದು ಸಿದ್ದರಾಜಣ್ಣ ಒಂದು ಸಣ್ಣ ಪಂಪನ್ನು ಬೆರಳಲ್ಲಿ ಒತ್ತುತ್ತ ಕೂತ. ಗುಳ್ಳೆಗಳೆಲ್ಲ ಮುಗಿದು ಬರಿ ಡೀಸೆಲ್ ಜಿನುಗಿದ ಮೇಲೆ ನಟ್ಟು ಬಿಗಿದ. ದೊಡ್ಡಪ್ಪ ಒಳಗೆ ಬರದೆ ಬಾಗಿಲಲ್ಲೇ ನಿಂತ. ನಾನು ಅಜ್ಜಿಯ ಸೆರಗು ಹಿಡಿದಿದ್ದೆ. ಮಂಗಳಾರತಿ ಆಯಿತು. ಅಪ್ಪ ಕೈ ಮುಗಿದು ಬಟನ್ ಒತ್ತಿದ.

ಅದು ಗೊರಗೊರ ಎಂದು ಬಿಳಿ ಹೊಗೆ ಕಕ್ಕಿ ಸುಮ್ಮನಾಯಿತು. ಮತ್ತೆ ಒತ್ತಿದ. ಈ ಸಲ ಹಿಡಿಯಿತು. ನೆಲ ನಡುಗಿತು, ಮೇಲೆ ನೇತುಹಾಕಿದ್ದ ಬಲ್ಬು ಕೆಂಪಗಾಗಿ, ಹಳದಿಯಾಗಿ, ಹೊತ್ತಿಕೊಂಡಿತು. ಹೊರಗೆ ನಿಂತ ಹೆಂಗಸರು ಚಪ್ಪಾಳೆ ತಟ್ಟಿದರು. ಅಪ್ಪ ನನ್ನ ಕಡೆ ನೋಡಿ ನಕ್ಕ. ಆ ನಗು ಅವನ ಮುಖದ ಮೇಲೆ ಇನ್ನೂ ಇರುವಾಗಲೇ ಸದ್ದು ಬದಲಾಯಿತು.

ಅದು ಏರುತ್ತ ಹೋಯಿತು. ಗುಡುಗುತ್ತಿದ್ದದ್ದು ಕೂಗತೊಡಗಿತು, ಕೂಗು ಸಿಳ್ಳೆಯಾಯಿತು. ಬಲ್ಬು ಕಣ್ಣು ಕುಕ್ಕುವಷ್ಟು ಬೆಳ್ಳಗಾಗಿ ಪಟ್ಟೆಂದು ಒಡೆಯಿತು. ಕಪ್ಪು ಹೊಗೆ ಶೆಡ್ಡು ತುಂಬಿತು. ಸಿದ್ದರಾಜಣ್ಣ ನಿಲ್ಲಿಸುವ ಲಿವರ್ ಎಳೆದ, ಅದು ಕೇಳಲಿಲ್ಲ. ಪೈಪಿನ ನಟ್ಟು ಸಡಿಲಿಸಲು ಹೋದ, ಸ್ಪ್ಯಾನರ್ ಕೈಜಾರಿ ಇಂಜಿನ್ನಿನ ಅಡಿಗೆ ಹೋಯಿತು. "ಅಲ್ಗೆ, ಅಲ್ಗೆ" ಎಂದು ಕೂಗಿದ.

ಅಪ್ಪ ಮಣೆಯ ಕಡೆ ತಿರುಗಿದ. ಅವನ ಕೈ ಕಲಶದವರೆಗೆ ಹೋಯಿತು. ಹೋಗಿ ನಿಂತಿತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ದೇವರನ್ನು ಕದಲಿಸಲು ಬಾರದ ಆ ಕೈ ಪಕ್ಕದಲ್ಲಿ ಬಿದ್ದಿದ್ದ ಗೋಣಿಚೀಲಕ್ಕೆ ಹೋಯಿತು. ಚೀಲವನ್ನು ಮುಷ್ಟಿಗೆ ಸುತ್ತಿಕೊಂಡು ಅಪ್ಪ ಆ ಕಪ್ಪು ಬಾಯಿಗೆ ಒತ್ತಿದ. ಅದು ಚೀಲವನ್ನು ಸರ್ರೆಂದು ಎಳೆದುಕೊಂಡಿತು. ಚೀಲದ ಹಿಂದೆ ಅಪ್ಪನ ಮುಷ್ಟಿಯೂ ಬಾಯಿಗೆ ಅಂಟಿತು.

"ಬುಡ್ಲಾ, ಚೀಲ ಬುಡ್ಲಾ" ಎನ್ನುತ್ತ ದೊಡ್ಡಪ್ಪ ಒಳಗೆ ನುಗ್ಗಿ, ಇದ್ದ ಒಂದೇ ಕೈಯಲ್ಲಿ ಅಪ್ಪನ ಸೊಂಟ ಹಿಡಿದು ಎಳೆದ. ನನ್ನ ಕೈಯಿಂದ ಅಜ್ಜಿಯ ಸೆರಗು ಯಾವಾಗ ಜಾರಿತೋ ಗೊತ್ತಿಲ್ಲ. ಅವಳು ಬಗ್ಗಿ, ಎರಡು ಕೈಯಿಂದ ಮಣೆಯನ್ನು ಕಿತ್ತು ಎಳೆದಳು. ಕಲಶ ಉರುಳಿತು. ಕಪಿಲೆಯ ನೀರು ನನ್ನ ಪಾದದ ಮೇಲೆ ಹರಿಯಿತು, ತೆಂಗಿನಕಾಯಿ ಉರುಳಿ ಬಾಗಿಲಿಗೆ ಹೋಯಿತು. ಚೀಲ ಹರಿದು ಅಪ್ಪನ ಕೈ ಈಚೆ ಬಂದ ಕ್ಷಣದಲ್ಲೇ ಅಜ್ಜಿ ಮಣೆಯನ್ನು ಆ ಬಾಯಿಗೆ ಅಪ್ಪಳಿಸಿ, ಇಡೀ ಮೈಭಾರ ಹಾಕಿ ಒತ್ತಿ ಹಿಡಿದಳು. ಅಪ್ಪ ಅವಳ ಕೈಗಳ ಮೇಲೆ ತನ್ನ ಕೈ ಇಟ್ಟು ಒತ್ತಿದ. ಇಂಜಿನ್ನು ಬಿಕ್ಕಿತು, ಒದರಿತು, ಒಮ್ಮೆ ಜೋರಾಗಿ ನಡುಗಿ ನಿಂತಿತು.

ಆಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು ಬಿಟ್ಟರೆ ಏನೂ ಕೇಳಲಿಲ್ಲ. ಅಜ್ಜಿ ಮಣೆ ಬಿಡಲು ಒಪ್ಪಲಿಲ್ಲ. "ಸತ್ತೋಯ್ತು ಅಜ್ಜಿ, ಬುಡಿ" ಎಂದು ಸಿದ್ದರಾಜಣ್ಣ ಎರಡು ಮೂರು ಸಲ ಹೇಳಬೇಕಾಯಿತು. ಬಿಟ್ಟವಳು ಅಪ್ಪನ ಬಲಗೈ ಹಿಡಿದು ಒಂದೊಂದೇ ಬೆರಳನ್ನು ಬಿಡಿಸಿ ನೋಡಿದಳು. ಗೆಣ್ಣಿನ ಚರ್ಮ ಕಿತ್ತು ರಕ್ತ ಬರುತ್ತಿತ್ತು, ಅಷ್ಟೇ. ಆಮೇಲೆ ಎಡಗೈಯನ್ನೂ ನೋಡಿದಳು. ಆಮೇಲೆ ಕಲಶದ ನೀರಿನಲ್ಲೇ ಕುಸಿದು ಕೂತಳು.

"ಕಲ್ಸ ಉಳ್ಳೋಯ್ತಲ್ಲವ್ವ" ಎಂದ ಅಪ್ಪ, ಚಿಕ್ಕ ಹುಡುಗನ ದನಿಯಲ್ಲಿ.

"ಉಳ್ಳೋದ್ರೆ ಉಳ್ಳೋಯ್ತು. ಒಳೇಲಿ ನೀರದೆ, ತುಂಬ್ಕಂಡ್ ಬತ್ತೀನಿ. ನಿಂಗೆ ಕೈ ಎಲ್ಲಿಂದ್ಲಾ ತರ್ಲಿ?"

ಬಾಗಿಲಲ್ಲಿ ದೊಡ್ಡಪ್ಪ ಗೋಡೆಗೆ ಮುಖ ಮಾಡಿಕೊಂಡು ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪಂಪನ್ನು ಬಿಚ್ಚಿ ಮೈಸೂರಿಗೆ ಕಳಿಸಿ ಸರಿ ಮಾಡಿಸಿದರು. ಆಮೇಲೆ ಆ ಇಂಜಿನ್ನು ವರ್ಷಗಟ್ಟಲೆ ಸಾಧುವಾಗಿ ಓಡಿತು, ಊರಿನ ರಾಗಿಯನ್ನೆಲ್ಲ ಬೀಸಿಕೊಟ್ಟಿತು. ಅಜ್ಜಿ ಅದಕ್ಕೆ ಮತ್ತೆ ಪೂಜೆ ಮಾಡಲಿಲ್ಲ. ಆದರೆ ಕರೆಂಟು ಹೋಗಿ ಅಪ್ಪ ಶೆಡ್ಡಿನ ಕಡೆ ಹೊರಟರೆ ಸಾಕು, ಮಾಡುವ ಕೆಲಸ ಬಿಟ್ಟು ಹಲಸಿನ ಮಣೆ ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಸದ್ದು ಒಂದು ಹದಕ್ಕೆ ಬಂದು ಕೂತ ಮೇಲೆಯೇ ಒಳಗೆ ಹೋಗುತ್ತಿದ್ದಳು. ಮೊದಮೊದಲು ಜನ ನಕ್ಕರು. ಅವಳು ಮಣೆ ಇಳಿಸಲಿಲ್ಲ. ಮಂಡಿ ನೋವು ಬಂದ ಮೇಲೆ ಬಾಗಿಲಲ್ಲೇ ಕೂತು, ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಅವಳು ಬಾಗಿಲಲ್ಲಿದ್ದರೆ ನಾನು ಶೆಡ್ಡಿನ ಹಿಂದೆ ಧೈರ್ಯವಾಗಿ ಕುಂಟೆಬಿಲ್ಲೆ ಆಡುತ್ತಿದ್ದೆ.

ಅಜ್ಜಿ ಹೋದಳು, ಮಿಲ್ಲು ಮುಚ್ಚಿತು, ಇಂಜಿನ್ನು ಗುಜರಿಗೆ ಹೋಯಿತು. ನನ್ನ ಮೈಸೂರಿನ ಮನೆಯಲ್ಲಿ ಇನ್ವರ್ಟರ್ ಇದೆ. ಕರೆಂಟು ಹೋದದ್ದೂ ತಿಳಿಯುವುದಿಲ್ಲ, ಬಂದದ್ದೂ ತಿಳಿಯುವುದಿಲ್ಲ. ನನ್ನ ಮಕ್ಕಳಿಗೆ ಅಂಥ ಭಯ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಆದರೆ ಭಯ ನನ್ನನ್ನು ಬಿಟ್ಟುಹೋಗಿಲ್ಲ, ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಬಂದಾಗಲೆಲ್ಲ ನಾನು ಒಮ್ಮೆ ಬಾಗಿಲ ಕಡೆ ನೋಡುತ್ತೇನೆ. ಅಲ್ಲಿ ಮಣೆ ಹಿಡಿದು ಯಾರೂ ನಿಂತಿರುವುದಿಲ್ಲ.