ದಿಬ್ಬದಮ್ಮನ ತವರು

ಶಿರಾಳಕೊಪ್ಪದ ಬಸ್ಸು ನಮ್ಮೂರಿಗೆ ದಿನಕ್ಕೆ ಎರಡೇ ಸಲ ಬರುತ್ತಿದ್ದ ಕಾಲ ಅದು. ಬಸ್ಸಿಳಿದವರು ಮೇರಿ ಮಾತೆಯ ದೇವಾಲಯ ಎಲ್ಲಿ ಎಂದು ಕೇಳಿದರೆ ಊರವರು ಕಣ್ಣು ಕಣ್ಣು ಬಿಡುತ್ತಿದ್ದರು. ದಿಬ್ಬದಮ್ಮನ ಗುಡಿ ಎಂದರೆ ಮಾತ್ರ ಮೂರು ವರ್ಷದ ಮಗುವೂ ಕೈ ತೋರಿಸುತ್ತಿತ್ತು. ಕೆರೆಯಾಚೆಯ ದಿಬ್ಬದ ಮೇಲೆ ನಾಡಹೆಂಚು ಹೊದ್ದ ಮಣ್ಣುಗೋಡೆಯ ಪುಟ್ಟ ಗುಡಿ, ನೆತ್ತಿಯ ಮೇಲೊಂದು ಮರದ ಶಿಲುಬೆ. ಊರಲ್ಲಿ ಕ್ರೈಸ್ತರ ಮನೆ ಇದ್ದದ್ದು ಮೂರೇ ಮೂರು. ಹರಕೆ ಹೊರುವವರು ಮಾತ್ರ ಊರೆಲ್ಲ.

ಗುಡಿಯ ಕತೆಯನ್ನು ನನಗೆ ಹೇಳಿದ್ದು ಅಜ್ಜಿ. ಗುಡಿ ನೋಡಿಕೊಳ್ಳುತ್ತಿದ್ದ ಇನಾಸಪ್ಪನ ಮುತ್ತಜ್ಜ ಘಟ್ಟದ ಕೆಳಗಿನಿಂದ ಮರಗೆಲಸಕ್ಕೆ ಬಂದಾಗ, ಒಳಗಿನ ಮರದ ಮೂರ್ತಿಯನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತಂದಿದ್ದನಂತೆ. ಮೊದಲು ಇದ್ದದ್ದು ಹುಲ್ಲಿನ ಗುಡಿಸಲು. ಒಂದು ವರ್ಷ ದನಗಳಿಗೆ ಕಾಲುಬಾಯಿ ಜ್ವರ ಬಂದಾಗ ಯಾರೋ ದಿಕ್ಕು ತೋಚದೆ ಅಲ್ಲಿ ಹರಕೆ ಹೊತ್ತರು, ಮಲಗಿದ ಎತ್ತುಗಳು ಎದ್ದು ನಿಂತವು. ಅಂದಿನಿಂದ ಭಾದ್ರಪದದಲ್ಲಿ ಬರುವ ಮಾತೆಯ ಹುಟ್ಟುಹಬ್ಬಕ್ಕೆ ಸೊರಬದ ಕಡೆಯಿಂದ, ಕುಪ್ಪಗಡ್ಡೆಯಿಂದ ಜನ ಬುತ್ತಿ ಕಟ್ಟಿಕೊಂಡು ನಡೆದು ಬರತೊಡಗಿದರು. ಗುಡಿಸಲಿಗೆ ಮಣ್ಣಿನ ಗೋಡೆ ಎಬ್ಬಿಸಿದವರಲ್ಲಿ ನಮ್ಮ ಅಜ್ಜನ ಅಪ್ಪನೂ ಇದ್ದರಂತೆ. ಹಾಗಾಗಿ ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮ್ಮಜ್ಜಿ ಆ ಗುಡಿಯ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಯಜಮಾನಿಕೆ ನಡೆಸುತ್ತಿದ್ದಳು.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಗುಡಿಯ ರಿಪೇರಿಗೆ ಕೈ ಹಚ್ಚಿದರು. ಹೆಂಚು ಇಳಿಸುವ ಮೊದಲು ಮೂರ್ತಿಯನ್ನು ಎಲ್ಲಾದರೂ ಜೋಪಾನ ಮಾಡಬೇಕಿತ್ತು. ಇನಾಸಪ್ಪನ ಮನೆಯೋ ಗುಡಿಗಿಂತ ಹೆಚ್ಚು ಸೋರುವಂಥದ್ದು. ಒಂದು ಬೆಳಿಗ್ಗೆ ಆತ ನಮ್ಮ ಜಗಲಿಯ ಮುಂದೆ ನಿಂತು, ಬಿಸಿಲು, ಮಳೆ, ಮಾವಿನ ಫಸಲು ಎಂದು ಏನೇನೋ ಮಾತಾಡಿದ. ಕೇಳಬೇಕಾದ್ದನ್ನು ಮಾತ್ರ ಕೇಳಲಿಲ್ಲ. ಅಜ್ಜಿಗೆ ತಿಳಿಯಿತು.

“ಅಮ್ಮ ಅಂದ್ಮೇಲೆ ನಿಮ್ಮಮ್ಮ ನಮ್ಮಮ್ಮ ಅಂತ ಇರ್ತದೇನೋ? ಕರ್ಕಂಬಾ” ಎಂದಳು.

ಮೂರ್ತಿಯನ್ನು ತಗೊಂಡು ಬಾ ಎನ್ನಲಿಲ್ಲ, ಕರೆದುಕೊಂಡು ಬಾ ಎಂದಳು. ಮುಂದಿನ ರಾಮಾಯಣಕ್ಕೆಲ್ಲ ಆ ಒಂದು ಮಾತೇ ಕಾರಣ.

ಹದಿನೈದು ದಿನದ ಕೆಲಸ ಎಂದುಕೊಂಡಿದ್ದರು. ಹೆಂಚು ಇಳಿಸಿದ್ದೇ ತಡ, ಹಿಂದಿನ ಗೋಡೆ ಕುಸಿದು ಕೂತಿತು. ಹೊಸ ಗೋಡೆಗೆ ಸಿಮೆಂಟು ಬೇಡ, ಹಳೆಯ ಗೋಡೆಗೆ ಅದು ಹೊಂದುವುದಿಲ್ಲ ಎಂದು ವಯಸ್ಸಾದ ಗಾರೆ ಮೇಸ್ತ್ರಿ ಹಟ ಹಿಡಿದ. ದಿಬ್ಬದ ಬುಡದಲ್ಲಿ ಎತ್ತು ಕಟ್ಟಿ ಗಾರೆ ಅರೆಯುವ ಗಾಣ ಹೂಡಿದರು. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ರಸ. ಆ ಒಗರು ಸಿಹಿ ವಾಸನೆ ಊರ ಬಾಗಿಲಿಗೇ ಬರುತ್ತಿತ್ತು. ಬೆಲ್ಲದ ನೀರೆಂದು ಬೆರಳು ಅದ್ದಿ ಚೀಪಿ, ಸುಣ್ಣ ತಾಗಿ ನಾಲಿಗೆ ಸುಟ್ಟುಕೊಂಡು, ಎರಡು ದಿನ ಬರೀ ಮಜ್ಜಿಗೆ ಕುಡಿದವಳು ನಾನು. ಕದ್ದದ್ದು ಬಾಯಿಗೆ ದಕ್ಕಲ್ಲ ಎಂದು ಅಜ್ಜಿ ನಕ್ಕಳೇ ಹೊರತು ಕನಿಕರಿಸಲಿಲ್ಲ.

ಇತ್ತ ನಮ್ಮ ನಡುಮನೆಯ ಮರದ ಪೆಟ್ಟಿಗೆಯ ಮೇಲೆ ದಿಬ್ಬದಮ್ಮ ಹಾಯಾಗಿದ್ದಳು. ಮೊಳದುದ್ದದ ಮೂರ್ತಿ, ಬಣ್ಣ ಮಾಸಿದ ನೀಲಿ ಸೆರಗು, ಕಂಕುಳಲ್ಲಿ ಕೂಸು. ಮಗಳು ಬಾಣಂತನಕ್ಕೆ ಬಂದಾಳೆ ಎಂದು ಅಜ್ಜಿ ಕಂಡವರಿಗೆಲ್ಲ ಹೇಳಿದಳು. ಹಲಸಿನ ಹಣ್ಣಿನ ಕಡುಬು ಬೆಂದರೆ ಮೊದಲು ಅವಳಿಗೆ, ಆಮೇಲೆ ನಮಗೆ. ಸಂಜೆಯಾದರೆ ಇನಾಸಪ್ಪ ಮತ್ತು ಅವನ ಹೆಂಡತಿ ತೆರೇಸಮ್ಮ ಬಂದು ಜಪಸರ ಹಿಡಿದು ಕೂರುತ್ತಿದ್ದರು. ಕೇಳಿ ಕೇಳಿ ನನಗೆ ಆ ಪ್ರಾರ್ಥನೆ ಬಾಯಿಪಾಠವಾಯಿತು. ಒಂದು ದಿನ ಅಪ್ಪ ಲಿಂಗಪೂಜೆಗೆ ಕೂತಾಗ ಪಕ್ಕದಲ್ಲಿ ಅದನ್ನೇ ಗುನುಗಿಬಿಟ್ಟೆ. ಅಪ್ಪ ಒಂದು ಕಣ್ಣು ತೆರೆದು ನೋಡಿದರು. ಎರಡೂ ಕಡೆ ಅರ್ಜಿ ಹಾಕಾಳೆ, ಹಾಕ್ಲಿ ಬಿಡು ಎಂದು ಅಜ್ಜಿಯೇ ನನ್ನನ್ನು ಪಾರು ಮಾಡಿದಳು.

ಭಾದ್ರಪದ ಬಂತು. ಗುಡಿ ಎದ್ದು ನಿಂತಿತ್ತು, ಹಳೆಯ ಕಂಬ, ಹಳೆಯ ಬಾಗಿಲು, ಬೆಳ್ಳಗೆ ಹೊಸ ಗಾರೆ. ಬುಧವಾರ ಹಬ್ಬ. ಹಿಂದಿನ ದಿನ ಮಧ್ಯಾಹ್ನ ಹೊಸದಾಗಿ ಬಂದಿದ್ದ ಫಾದರ್ ಮೆರವಣಿಗೆಯೊಂದಿಗೆ ನಮ್ಮ ಅಂಗಳಕ್ಕೆ ಬಂದರು. ದೂರದ ಊರುಗಳಿಂದ ನಡೆದು ಬಂದವರ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಅಜ್ಜಿ ಹೊಸ್ತಿಲ ಮೇಲೆ ನಿಂತಳು.

“ಇವತ್ತು ಮಂಗ್ಳಾರ ರೀ ಸ್ವಾಮೇರೆ. ಹೆಣ್ಮಗಳನ್ನ ತೌರಿಂದ ಕಳ್ಸೋ ದಿನ ಅಲ್ಲ.”

ಫಾದರ್ ನಕ್ಕರು. ಅಜ್ಜಿ ನಗಲಿಲ್ಲ. ನಮ್ಮ ಧರ್ಮದಲ್ಲಿ ಹಾಗೆಲ್ಲ ವಾರ ನೋಡುವುದಿಲ್ಲ, ಇಷ್ಟೊಂದು ಜನ ಕಾಯುತ್ತಿದ್ದಾರೆ, ಇಂದೇ ಒಯ್ದು ಪ್ರತಿಷ್ಠೆ ಮಾಡದಿದ್ದರೆ ನಾಳೆಯ ಪೂಜೆ ಹೇಗೆ ಎಂದು ಅವರು ತಾಳ್ಮೆಯಿಂದ ತಿಳಿಸಿದರು. ಅಂಗಳದಲ್ಲಿ ಗುಸುಗುಸು ಎದ್ದಿತು. ಮೂರ್ತಿ ಕೊಡುವುದಿಲ್ಲ ಅಂತಿದಾರಂತೆ ಎಂದು ಹಿಂದೆ ನಿಂತ ಯಾರೋ ಹೇಳಿದ್ದು ನನ್ನ ಕಿವಿಗೂ ಬಿತ್ತು. ನನಗೆ ಅಳು ಬರುವಂತಾಯಿತು. ಕೊನೆಗೆ ಫಾದರ್ ಇನಾಸಪ್ಪನ ಕಡೆ ತಿರುಗಿ, ನೀನೂ ಇದನ್ನೆಲ್ಲ ನಂಬುತ್ತೀಯಾ ಎಂದು ಕೇಳಿದರು.

ಇನಾಸಪ್ಪ ತಲೆ ಕೆರೆದುಕೊಂಡ. “ನಂಬದು ಬಿಡದು ಅಲ್ಲ ಫಾದರ್. ನಮ್ಮನೇಲೂ ಕಳ್ಸಲ್ಲ.”

ತೆರೇಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಡೆದು ಬಂದ ಹೆಂಗಸರಲ್ಲಿ ಒಬ್ಬರಾದ ಮೇಲೆ ಒಬ್ಬರು, ಹೌದಲ್ಲ, ಮಂಗಳವಾರ ಯಾರು ಕಳಿಸುತ್ತಾರೆ ಎಂದರು. ಫಾದರ್ ಚಪ್ಪಲಿ ಬಿಟ್ಟು ಒಳಗೆ ಬಂದು, ಅಂದಿನ ಪ್ರಾರ್ಥನೆಯನ್ನು ನಮ್ಮ ನಡುಮನೆಯಲ್ಲೇ ನಡೆಸಿದರು.

ಬುಧವಾರ ಬೆಳಗು ಹರಿಯುತ್ತಿದ್ದಂತೆ ಅಜ್ಜಿ ಉಡಿ ತುಂಬಲು ಕೂತಳು. ಅಕ್ಕಿ, ಕಾಯಿ, ರವಿಕೆ ಕಣ, ಹಸಿರು ಬಳೆ. ಮರದ ಮೂರ್ತಿಗೆ ಉಡಿ ಎಲ್ಲಿಂದ ಬರಬೇಕು? ತೆರೇಸಮ್ಮ ಮುಂದೆ ಬಂದು ಅಮ್ಮನ ಪರವಾಗಿ ತನ್ನ ಸೆರಗು ಒಡ್ಡಿದಳು. ಹೆತ್ತ ಮಗಳನ್ನು ಗಂಡನ ಮನೆಗೆ ಕಳಿಸಿದಾಗಲೂ ಕಣ್ಣು ಒದ್ದೆ ಮಾಡಿಕೊಳ್ಳದ ಅಜ್ಜಿ ಅಂದು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಪೆಟ್ಟಿಗೆಯ ಮೇಲೆ ಮತ್ತೇನನ್ನೂ ಇಡಲು ಅಜ್ಜಿ ಬಹಳ ದಿನ ಬಿಡಲಿಲ್ಲ.

ಈಗ ಅಜ್ಜಿ ಇಲ್ಲ, ಇನಾಸಪ್ಪನೂ ಇಲ್ಲ. ನಮ್ಮ ಹಳೆ ಮನೆ ಕೆಡವಿ ನನ್ನ ತಮ್ಮ ಆರ್‌ಸಿಸಿ ಮನೆ ಕಟ್ಟಿಸಿದ್ದಾನೆ. ಹೋದ ವರ್ಷ ನಾನು ಊರಿಗೆ ಹೋಗಿದ್ದಾಗ ಇನಾಸಪ್ಪನ ಮಗ ಬಂದ. ಗುಡಿಯ ಮಾಡಿಗೆ ಗೆದ್ದಲು ಹಿಡಿದಿದೆ, ಮತ್ತೆ ಬಿಚ್ಚಬೇಕು ಎಂದ. ಅಪ್ಪನಂತೆಯೇ ಮಳೆ ಬೆಳೆ ಎಂದು ಸುತ್ತು ಹೊಡೆದು, ಅವನೇ ಕೇಳಿದ: “ಅಜ್ಜಿ ಕಾಲದಾಗೆ ಇಲ್ಲೇ ಇದ್ಲಂತೆ ಅಮ್ಮ. ಈ ಸಲಾನೂ ಇಟ್ಕಂತೀರೇನಕ್ಕ?”

ತಮ್ಮ ನನ್ನ ಮುಖ ನೋಡಿದ. ಕಾಲ ಮೊದಲಿನಂತಿಲ್ಲ, ಯಾರು ಏನನ್ನುತ್ತಾರೋ, ಯಾರು ಫೋಟೋ ತೆಗೆದು ಎಲ್ಲಿಗೆ ಹಾಕುತ್ತಾರೋ ಎಂಬ ಹೆದರಿಕೆ ಅವನಿಗೂ ಇತ್ತು, ನನಗೂ ಇತ್ತು. ಅದನ್ನು ಇನಾಸಪ್ಪನ ಮಗನೆದುರು ಹೇಳಲು ಬಾಯಿ ಬರಲಿಲ್ಲ.

“ಜಾಗ ಇಲ್ಲ ಕಣೋ” ಎಂದೆ.

ಅವನು ಕಾಫಿ ಕುಡಿದು, ಲೋಟವನ್ನು ತಾನೇ ಒಳಗಿಟ್ಟು ಹೋದ. ನಾನು ಆ ಮಾತು ಹೇಳಿದ್ದು ಹೊಸ ಮನೆಯ ಹಾಲ್‌ನಲ್ಲಿ ಕೂತು. ಅಜ್ಜಿಯ ಇಡೀ ಮನೆ ಅದರೊಳಗೆ ಹಿಡಿಯುತ್ತದೆ.